ತಾತನ ವಿಂಚೆಸ್ಟರ್‌ಗೆ ಚೂಪು ಗುಂಡಿನ ತೋಟೆ ಹಾಕಬಹುದಾ?

ಪ್ರಶ್ನೆ: ನಾನು ಜಯನಗರದವನು. ತಾತನ ಕಾಲದ ಒಂದು ವಿಂಚೆಸ್ಟರ್ 94 ರೈಫಲ್ ನಮ್ಮ ಮನೆಯಲ್ಲಿದೆ. ಕೆಳಗಿನ ಲಿವರ್ ಎಳೆದು ಈಡು ಹೊಡೆಯುವಂಥದ್ದು. ನಳಿಕೆಯ ಮೇಲೆ ‘30 ಡಬ್ಲ್ಯೂ.ಸಿ.ಎಫ್.’ ಎಂದು ಕೆತ್ತಿದೆ. ತಾತ ಹೋದ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಆಗಿದೆ. ಮೂಡಿಗೆರೆ ಹತ್ತಿರದ ಹಳೇ ಎಸ್ಟೇಟ್ ಮನೆ ಖಾಲಿ ಮಾಡುವಾಗ ಒಂದು ಬಿಸ್ಕತ್ ಡಬ್ಬದಲ್ಲಿ ಹದಿನೇಳು ಬಿಡಿ ತೋಟೆ ಸಿಕ್ಕವು. ಇವುಗಳ ಗುಂಡಿನ ತುದಿ ಪೆನ್ಸಿಲ್ ತರಹ ಚೂಪಾಗಿದೆ. ಜೊತೆಗೆ ಅರ್ಧ ಖಾಲಿಯಾದ ಒಂದು ರಟ್ಟಿನ ಪೆಟ್ಟಿಗೆಯೂ ಸಿಕ್ಕಿತು. ಅದರಲ್ಲಿರುವ ತೋಟೆಗಳ ತುದಿ ಮೊಂಡು. ಚೂಪಿನವನ್ನು ಪಕ್ಕದ ಕಿಂಡಿಯಿಂದ ತುಂಬಿ ನೋಡಿದೆ, ಆರು ಸಲೀಸಾಗಿ ಒಳಗೆ ಹೋದವು. ‘ಒಳಗೆ ಹೋಯ್ತು ಅಂದ್ರೆ ಸರಿಯಾದ ತೋಟೆನೇ’ ಅಂತ ಚಿಕ್ಕಪ್ಪ ಹೇಳುತ್ತಾರೆ. ರೇಂಜ್‌ಗೆ ತೆಗೆದುಕೊಂಡು ಹೋಗಿ ಹೊಡೆಯಬಹುದಾ? ಹೊಸದು ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು? ಆಯುಧಪೂಜೆಗೂ ಈ ಕೋವಿ ಇಡುತ್ತೇವೆ, ಅದಕ್ಕೇನಾದರೂ ಎಚ್ಚರ ಬೇಕಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಆ ಆರು ತೋಟೆ ಇನ್ನೂ ಕೋವಿಯ ಒಳಗೇ ಇದ್ದರೆ ಈಗಲೇ ತೆಗೆಯಿರಿ. ನಳಿಕೆಯನ್ನು ಯಾರೂ ಇಲ್ಲದ ಗಟ್ಟಿ ಗೋಡೆಯ ಕಡೆಗೆ ಹಿಡಿಯಿರಿ. ಬೆರಳು ಟ್ರಿಗರ್‌ನಿಂದ ದೂರ ಇರಲಿ. ಲಿವರ್ ಅನ್ನು ನಿಧಾನವಾಗಿ ಪೂರ್ತಿ ಎಳೆದು ಒಂದೊಂದನ್ನೇ ಹೊರಗೆ ತೆಗೆದು ಎಣಿಸಿ. ಅಭ್ಯಾಸ ಇಲ್ಲದಿದ್ದರೆ ಲೈಸೆನ್ಸ್ ಇರುವ ಬಂದೂಕು ಅಂಗಡಿಯವರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಮಾಡಿ. ಕೋವಿಯನ್ನು ಎಲ್ಲೂ ಬೀಳಿಸಬೇಡಿ, ಹಿಡಿಯ ಕಡೆಯಿಂದ ನೆಲಕ್ಕೆ ಕುಟ್ಟಬೇಡಿ. ಮಿಕ್ಕದ್ದನ್ನು ಆಮೇಲೆ ಓದಿ.

ತೆಗೆದಾಯಿತಾ? ಈಗ ವಿಷಯಕ್ಕೆ ಬರುತ್ತೇನೆ. ಚೂಪು ಗುಂಡಿನ ತೋಟೆಗಳನ್ನು ನಿಮ್ಮ ರೈಫಲ್‌ಗೆ ತುಂಬಲೇಬಾರದು. ನಿಮ್ಮ ಚಿಕ್ಕಪ್ಪನ ಮಾತು ಡಬಲ್ ಬ್ಯಾರಲ್ ಕೋವಿಗೂ ಸಾಲದು. ಈ ರೈಫಲ್‌ಗಂತೂ ಅದು ಅಪಾಯದ ಮಾತು. ಒಳಗೆ ಹೋಗುವುದು ಬೇರೆ, ಒಳಗೆ ಕ್ಷೇಮವಾಗಿ ಕೂರುವುದು ಬೇರೆ.

ನಮ್ಮ ಕಡೆ ಹೆಚ್ಚು ಜನ ನೋಡಿರುವ ರೈಫಲ್ ಅಂದರೆ .315 ಅಳತೆಯದ್ದು. ಅದರ ಮ್ಯಾಗಜೀನ್ ಒಂದು ಪೆಟ್ಟಿಗೆ ಇದ್ದ ಹಾಗೆ. ತೋಟೆಗಳು ಚಾಪೆ ಜೋಡಿಸಿದಂತೆ ಒಂದರ ಮೇಲೊಂದು ಮಲಗಿರುತ್ತವೆ. ಒಂದರ ಗುಂಡಿನ ಮುಂದೆ ಬರೀ ಪೆಟ್ಟಿಗೆಯ ಗೋಡೆ ಇರುತ್ತದೆ. ಅಲ್ಲಿ ತುದಿ ಚೂಪಾದರೂ ಅದು ಇನ್ನೊಂದು ತೋಟೆಗೆ ಚುಚ್ಚುವುದಿಲ್ಲ. ನಿಮ್ಮ ವಿಂಚೆಸ್ಟರ್‌ನಲ್ಲಿ ಹಾಗಲ್ಲ. ನಳಿಕೆಯ ಕೆಳಗೆ ಇನ್ನೊಂದು ತೆಳು ಕೊಳವೆ ಇದೆ ನೋಡಿ, ಅದೇ ಮ್ಯಾಗಜೀನ್. ಅದರಲ್ಲಿ ತೋಟೆಗಳು ದೇವಸ್ಥಾನದ ಕ್ಯೂ ತರಹ ಒಂದರ ಹಿಂದೆ ಒಂದು ನಿಲ್ಲುತ್ತವೆ. ಹಿಂದಿನದರ ಗುಂಡಿನ ತುದಿ ಮುಂದಿನದರ ತಳಕ್ಕೆ ತಾಗಿರುತ್ತದೆ. ತಳದ ಮಧ್ಯದಲ್ಲಿ ಏನಿದೆ? ಪ್ರೈಮರ್. ಕುಟ್ಟಿದರೆ ಕಿಡಿ ಹುಟ್ಟಿಸುವ ಪುಟ್ಟ ಬಟ್ಟಲು. ಕೋವಿಯ ಫೈರಿಂಗ್ ಪಿನ್ ಕುಟ್ಟುವುದೂ ಅದೇ ಜಾಗವನ್ನೇ. ಚೂಪು ಗುಂಡು ತುಂಬಿದಿರಿ ಅಂದರೆ ಪ್ರತಿ ಪ್ರೈಮರ್ ಮೇಲೂ ಒಂದೊಂದು ಫೈರಿಂಗ್ ಪಿನ್ ಇಟ್ಟ ಹಾಗಾಯಿತು.

ಸುಮ್ನೆ ತಾಗಿಕೊಂಡಿದ್ದರೆ ಏನೂ ಆಗದಿರಬಹುದು. ತೊಂದರೆ ಇರುವುದು ಒದೆತದಲ್ಲಿ. ಒಂದು ಈಡು ಹೊಡೆದಾಗ ಇಡೀ ಕೋವಿ ಹಿಂದಕ್ಕೆ ಒದೆಯುತ್ತದೆ. ಕೊಳವೆಯ ಒಳಗಿನ ತೋಟೆಗಳು ಇದ್ದಲ್ಲೇ ಇರಲು ನೋಡುತ್ತವೆ. ಕೊಳವೆಯಲ್ಲಿ ಅವುಗಳ ಮುಂದಿರುವ ಸ್ಪ್ರಿಂಗ್ ಕುಗ್ಗುತ್ತದೆ, ಮರುಕ್ಷಣವೇ ಎಲ್ಲವನ್ನೂ ಹಿಂದಕ್ಕೆ ತಳ್ಳುತ್ತದೆ. ಬಿಎಂಟಿಸಿ ಬಸ್ಸಿನಲ್ಲಿ ನಿಂತವರು ಗಕ್ಕನೆ ಬ್ರೇಕ್ ಬಿದ್ದಾಗ ಒಬ್ಬರ ಮೇಲೊಬ್ಬರು ಬೀಳುತ್ತಾರಲ್ಲ, ಹಾಗೆ. ಆ ಗುದ್ದಾಟದಲ್ಲಿ ಚೂಪು ತುದಿ ಮುಂದಿನ ಪ್ರೈಮರ್‌ಗೆ ಬಡಿಯುತ್ತದೆ. ಒಂದು ಸಿಡಿದರೆ ಅದರ ಹೊಡೆತಕ್ಕೆ ಪಕ್ಕದ್ದೂ ಸಿಡಿಯಬಹುದು. ತೋಟೆ ನಳಿಕೆಯ ಛೇಂಬರ್‌ನಲ್ಲಿ, ಅಂದರೆ ಹೊಡೆಯುವಾಗ ತೋಟೆ ಕೂರುವ ಹಿಂದುಗಡೆಯ ಗೂಡಿನಲ್ಲಿ, ಇದ್ದಾಗ ಅದರ ಸುತ್ತ ದಪ್ಪ ಉಕ್ಕು ಇರುತ್ತದೆ. ಕೊಳವೆಯಲ್ಲಿ ಇರುವುದು ತೆಳು ತಗಡು ಮಾತ್ರ. ಹೊಡೆಯುವವರ ಎಡಗೈ ಎಲ್ಲಿರುತ್ತದೆ ಹೇಳಿ? ಸರಿಯಾಗಿ ಆ ಕೊಳವೆಯ ಕೆಳಗೆ. ನನಗೆ ಇಷ್ಟು ಒತ್ತಿ ಹೇಳಬೇಕು ಅನ್ನಿಸುವುದು ಆ ಕೈಗೋಸ್ಕರ.

ಪ್ರತಿ ಸಲವೂ ಹೀಗಾಗುತ್ತದೆ ಎಂದು ಹೇಳುತ್ತಿಲ್ಲ. ನೂರು ಸಲ ಹೊಡೆದೂ ಏನೂ ಆಗದವರು ಸಿಗುತ್ತಾರೆ. ಅವರ ಮಾತನ್ನು ನಂಬಿ ನೀವು ತುಂಬಬೇಡಿ. ನಾನು ಸೇನೆಯಲ್ಲಿ ಆರ್ಮರರ್, ಅಂದರೆ ಆಯುಧ ರಿಪೇರಿ ಮಾಡುವವನು, ಆಗಿದ್ದೆ. ನಿವೃತ್ತಿಯಾದ ಮೇಲೆ ಇಲ್ಲಿ ಲೈಸೆನ್ಸ್ ಇರುವ ಅಂಗಡಿಯೊಂದರಲ್ಲಿ ಕೆಲವು ವರ್ಷ ರಿಪೇರಿ ಕೆಲಸ ಮಾಡಿದೆ. ಒಮ್ಮೆ ಒಬ್ಬರು ಇಂಥದೇ ಲಿವರ್ ರೈಫಲ್ ತಂದರು. ಲಿವರ್ ಬಿಗಿಯಾಗಿದೆ, ಎಣ್ಣೆ ಹಾಕಿ ಕೊಡಿ ಅಂದರು. ಖಾಲಿ ಇದೆ ಅಂದರು. ನನ್ನ ಅಭ್ಯಾಸದಂತೆ ತೆರೆದು ನೋಡಿದೆ. ಒಳಗೆ ಆರು ಇದ್ದವು, ಆರೂ ಚೂಪು. ಹೊರಗೆ ತೆಗೆದು ಮೇಜಿನ ಮೇಲೆ ತಳ ಮೇಲೆ ಮಾಡಿ ನಿಲ್ಲಿಸಿದೆ. ಐದು ಪ್ರೈಮರ್‌ಗಳ ಮೇಲೆ ಸೂಜಿಯಲ್ಲಿ ಒತ್ತಿದ ಹಾಗೆ ಒಂದೊಂದು ಚುಕ್ಕೆ. ಮೊದಲು ಹೊರಬಂದದ್ದರ ಮೇಲೆ ಮಾತ್ರ ಚುಕ್ಕೆ ಇರಲಿಲ್ಲ. ಯಾಕೆಂದರೆ ಅದೇ ಕ್ಯೂನಲ್ಲಿ ಕೊನೆಯದು, ಅದರ ಹಿಂದೆ ಚುಚ್ಚಲು ಯಾರೂ ಇರಲಿಲ್ಲ. ಆ ಐದು ಚುಕ್ಕೆಗಳನ್ನು ತೋರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆ ಕೋವಿಯನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಪಕ್ಕದಲ್ಲಿ ಮಗನನ್ನು ಕೂರಿಸಿಕೊಂಡು ಬಂದಿದ್ದರು. ನೀವು ಹೊರಗೆ ತೆಗೆದ ಆರನ್ನೂ ಹಾಗೇ ನಿಲ್ಲಿಸಿ ಒಮ್ಮೆ ನೋಡಿ. ಚುಕ್ಕೆ ಇದ್ದರೆ ನಿಮಗೇ ಅರ್ಥವಾಗುತ್ತದೆ.

ಇದು ಹೊಸ ಸಮಸ್ಯೆಯೂ ಅಲ್ಲ. ಫ್ರೆಂಚರ 1886ರ ಲೆಬೆಲ್ ರೈಫಲ್‌ಗೂ ಇಂಥ ಕೊಳವೆ ಮ್ಯಾಗಜೀನ್ ಇತ್ತು. ಆಮೇಲೆ ಅವರು ದೂರ ಹೋಗುವ ಚೂಪು ಗುಂಡಿಗೆ ಬದಲಾದರು. ಆಗ ತೋಟೆಯ ತಳದಲ್ಲಿ ಪ್ರೈಮರ್ ಸುತ್ತ ಒಂದು ಉಂಗುರದಂಥ ತೋಡು ಮಾಡಿದರು. ಹಿಂದಿನ ಗುಂಡಿನ ತುದಿ ಪ್ರೈಮರ್ ಮೇಲೆ ಕೂರದೆ ಆ ತೋಡಿನಲ್ಲಿ ಕೂರಲಿ ಎಂಬ ಉಪಾಯ. ಒಂದು ದೇಶದ ಸೇನೆಯೇ ಅಷ್ಟು ತಲೆ ಕೆಡಿಸಿಕೊಂಡಿತ್ತು. ನಿಮ್ಮ ಬಿಸ್ಕತ್ ಡಬ್ಬದ ತೋಟೆಗಳಲ್ಲಿ ಅಂಥ ತೋಡು ಇಲ್ಲ.

ತೊಂದರೆ ಲಿವರ್‌ನದ್ದಲ್ಲ, ಕೊಳವೆಯದ್ದು. ವಿಂಚೆಸ್ಟರ್ 1895 ಎಂಬ ಲಿವರ್ ರೈಫಲ್‌ಗೆ ಪೆಟ್ಟಿಗೆ ಮ್ಯಾಗಜೀನ್ ಇದೆ. ಸ್ಯಾವೇಜ್ 99ಕ್ಕೆ ಸುತ್ತುವ ಮ್ಯಾಗಜೀನ್ ಇತ್ತು. ಅವುಗಳಲ್ಲಿ ಚೂಪು ಗುಂಡು ನಡೆಯುತ್ತದೆ. ಯಾರಾದರೂ ‘ನಮ್ಮ ಲಿವರ್ ರೈಫಲ್‌ನಲ್ಲಿ ಚೂಪೇ ಹಾಕುತ್ತೇವೆ’ ಅಂದರೆ, ಅವರ ಕೋವಿಯ ನಳಿಕೆಯ ಕೆಳಗೆ ಕೊಳವೆ ಇದೆಯಾ ಎಂದು ಕೇಳಿ. ಇನ್ನು .22 ರಿಮ್‌ಫೈರ್ ತೋಟೆಯಲ್ಲಿ ಕಿಡಿ ಮದ್ದು ತಳದ ಅಂಚಿನೊಳಗೆ ಇರುತ್ತದೆ, ಮಧ್ಯದಲ್ಲಲ್ಲ. ಹಾಗಾಗಿ ಕೊಳವೆ ಇರುವ .22 ಲಿವರ್ ರೈಫಲ್‌ಗಳಿಗೆ ಗುಂಡಿನ ತುದಿಯಿಂದ ಈ ತೊಂದರೆ ಬರುವುದಿಲ್ಲ.

ನಿಮ್ಮ ನಳಿಕೆಯ ಮೇಲಿನ ‘30 ಡಬ್ಲ್ಯೂ.ಸಿ.ಎಫ್.’ ಬಗ್ಗೆ ಹೇಳುತ್ತೇನೆ. ವಿಂಚೆಸ್ಟರ್ ಸೆಂಟರ್ ಫೈರ್ ಎಂದು ಅದರ ಅರ್ಥ. ಪ್ರೈಮರ್ ತಳದ ಮಧ್ಯದಲ್ಲಿರುವ ತೋಟೆಗೆ ಸೆಂಟರ್‌ಫೈರ್ ಎನ್ನುತ್ತಾರೆ. ಇವತ್ತು ಅದನ್ನೇ .30-30 ವಿಂಚೆಸ್ಟರ್ ಎನ್ನುತ್ತಾರೆ, ಬಾಯಲ್ಲಿ ‘ಥರ್ಟಿ ಥರ್ಟಿ’. 1895ರಲ್ಲಿ ಇದೇ 94 ರೈಫಲ್‌ಗೆ ಬಂದ ತೋಟೆ. ಎರಡನೇ 30 ಅಂದರೆ ಆಗ ತುಂಬುತ್ತಿದ್ದ ಹೊಗೆಯಿಲ್ಲದ ಮದ್ದಿನ ತೂಕ, 30 ಗ್ರೇನ್, ಅಂದರೆ ಸುಮಾರು ಎರಡು ಗ್ರಾಂ. ಹೊಸ ಪೆಟ್ಟಿಗೆಯ ಮೇಲೆ ಮತ್ತು ತೋಟೆಯ ತಳದ ಮೇಲೆ ‘30-30 ವಿನ್’ ಎಂದಿದ್ದರೆ ಅದು ನಿಮ್ಮದೇ. ಹಾಗೆ ಇಲ್ಲದ್ದು ನಿಮ್ಮದಲ್ಲ. ಇಲ್ಲಿ ನಮ್ಮ ಜನ ಎಡವುವುದು ಜಾಸ್ತಿ. .303, .30-06, .300 ಅಂತ ಹೆಸರಲ್ಲಿ 30 ಕಂಡರೆ ಎಲ್ಲಾ ಒಂದೇ ಅಂದುಕೊಳ್ಳುತ್ತಾರೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಇದೇ 94 ರೈಫಲ್ .32 ವಿಂಚೆಸ್ಟರ್ ಸ್ಪೆಷಲ್ ಎಂಬ ಅಳತೆಯಲ್ಲೂ ಬಂದಿದೆ. ಅದರ ಗುಂಡು ನಿಮ್ಮದಕ್ಕಿಂತ ದಪ್ಪ. ನಮ್ಮಲ್ಲಿ ಸಿಗುವ .32 ರಿವಾಲ್ವರ್ ತೋಟೆ ಅದಕ್ಕೂ ಬೇರೆ. ಅಂಗಡಿಯಲ್ಲಿ ಬರೀ ‘ತರ್ಟಿ ಕೊಡಿ’, ‘ಥರ್ಟಿಟೂ ಕೊಡಿ’ ಅನ್ನಬೇಡಿ. ಪೂರ್ತಿ ಹೆಸರು ಬರೆದುಕೊಂಡು ಹೋಗಿ.

ಈಗ ಆ ಹದಿನೇಳು ತೋಟೆಗಳು ಎಲ್ಲಿಂದ ಬಂದವು ಅನ್ನುವುದು. ಪೆಟ್ಟಿಗೆ ಇಲ್ಲ, ಬಿಡಿಯಾಗಿವೆ, ಚೂಪು ಗುಂಡು ಇದೆ. ಯಾರೋ ಕೈಯಲ್ಲಿ ತುಂಬಿದವು ಅನ್ನಿಸುತ್ತದೆ. ಹೊರದೇಶಗಳಲ್ಲಿ ಹವ್ಯಾಸಿಗಳು ಖಾಲಿ ಕೇಸ್‌ಗೆ, ಅಂದರೆ ತೋಟೆಯ ಹಿತ್ತಾಳೆ ಕವಚಕ್ಕೆ, ಮತ್ತೆ ಮದ್ದು, ಗುಂಡು ಕೂರಿಸುತ್ತಾರೆ. ಒಂದೊಂದೇ ತೋಟೆಯನ್ನು ನೇರ ಛೇಂಬರ್‌ಗೆ ಹಾಕಿ ಹೊಡೆಯುವವರು ಚೂಪು ಗುಂಡು ಕೂರಿಸುವುದುಂಟು. ಅವರಿಗೆ ಅದರ ಲೆಕ್ಕ ಗೊತ್ತಿರುತ್ತದೆ. ನಿಮಗೆ ಆ ಲೆಕ್ಕ ಗೊತ್ತಿಲ್ಲ. ಒಳಗೆ ಎಷ್ಟು ಮದ್ದು ಇದೆ, ಯಾವ ಮದ್ದು ಇದೆ ಅಂತ ಹೊರಗಿನಿಂದ ಯಾರೂ ಹೇಳಲಾರರು, ನಾನೂ ಹೇಳಲಾರೆ. ಹಾಗಾಗಿ ‘ಕೊಳವೆಗೆ ಬೇಡ, ಒಂದೊಂದೇ ಹಾಕಿ ಹೊಡೀತೀನಿ’ ಎಂಬ ಯೋಚನೆಯೂ ಬೇಡ. ಇನ್ನೊಬ್ಬರು ಕೈಯಲ್ಲಿ ತುಂಬಿದ ತೋಟೆಯನ್ನು ನಾನು ಯಾವತ್ತೂ ಹೊಡೆದಿಲ್ಲ. ಭಾರತದಲ್ಲಂತೂ ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವುದು 1959ರ ಆಯುಧ ಕಾಯ್ದೆಯ ಪ್ರಕಾರ ಅಪರಾಧ.

ಕೊಳವೆ ಮ್ಯಾಗಜೀನ್‌ಗೆ ಇನ್ನೊಂದು ಅಗತ್ಯವೂ ಇದೆ. ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಗುಂಡು ಕೇಸ್‌ನ ಬಾಯಲ್ಲಿ ಬಿಗಿಯಾಗಿ ಕಚ್ಚಿಕೊಂಡಿರಬೇಕು. ಫ್ಯಾಕ್ಟರಿ ತೋಟೆಯಲ್ಲಿ ಕೇಸ್‌ನ ಬಾಯಿಯನ್ನು ಗುಂಡಿನ ಮೇಲಿನ ಸಣ್ಣ ಗೀರಿನೊಳಕ್ಕೆ ಮಡಚಿ ಒತ್ತಿರುತ್ತಾರೆ. ಕ್ರಿಂಪ್ ಅಂತ ಅದರ ಹೆಸರು. ಅದು ಸಡಿಲವಾಗಿದ್ದರೆ ಸ್ಪ್ರಿಂಗ್‌ನ ಒತ್ತಡಕ್ಕೆ, ಒದೆತದ ಗುದ್ದಿಗೆ ಗುಂಡು ಕೇಸ್‌ನ ಒಳಕ್ಕೆ ಜಾರುತ್ತದೆ. ಜಾಗ ಕಮ್ಮಿಯಾದರೆ ಮದ್ದು ಉರಿದಾಗ ಒತ್ತಡ ಏರುತ್ತದೆ. ಹಳೇ ಕೋವಿಗೆ ಅದು ಒಳ್ಳೆಯದಲ್ಲ. ಪ್ರೈಮರ್ ಕೂಡ ತಳದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗೇ ಇರಬೇಕು. ಉಬ್ಬಿ ಹೊರಗೆ ಬಂದಿದ್ದರೆ ಗುಂಡು ಮೊಂಡಾಗಿದ್ದರೂ ಗುದ್ದು ನೇರ ಅದಕ್ಕೇ ಬೀಳುತ್ತದೆ. ಬೆರಳ ತುದಿಯಿಂದ ತಳವನ್ನು ಸವರಿದರೆ ಉಬ್ಬು ತಿಳಿಯುತ್ತದೆ.

ಇನ್ನು ರಟ್ಟಿನ ಪೆಟ್ಟಿಗೆಯವು. ಮೊಂಡು ತುದಿ, ಫ್ಯಾಕ್ಟರಿ ಮಾಲು. ಆಕಾರದಲ್ಲಿ ಅವು ನಿಮ್ಮ ಕೋವಿಗೆ ಹೊಂದುವಂಥವೇ. ಆದರೆ ಮಲೆನಾಡಿನ ಮನೆಯಲ್ಲಿ ಎಷ್ಟು ಮಳೆಗಾಲ ಕಂಡಿವೆಯೋ ಏನೋ. ಹಿತ್ತಾಳೆಗೆ ಒಂದು ಕಾಯಿಲೆ ಇದೆ. ಇಂಗ್ಲಿಷಿನಲ್ಲಿ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಅನ್ನುತ್ತಾರೆ. ಆ ಹೆಸರು ಹುಟ್ಟಿದ್ದೇ ನಮ್ಮ ದೇಶದ ಮಳೆಗಾಲದಿಂದ. 19ನೇ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ತೋಟೆಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿದ ಮೇಲೆ ತೆಗೆದು ನೋಡಿದರೆ ಕೇಸ್‌ಗಳಲ್ಲಿ ಬಿರುಕು. ಕಾರಣ ತಿಳಿದದ್ದು 1921ರಲ್ಲಿ. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಜೊತೆಗೆ ತಯಾರಿಸುವಾಗ ಹಿತ್ತಾಳೆಯಲ್ಲಿ ಉಳಿದುಕೊಂಡ ಬಿಗಿತ. ಎಸ್ಟೇಟ್ ಮನೆಗಳಲ್ಲಿ ಕೊಟ್ಟಿಗೆ, ಗೊಬ್ಬರದ ಮೂಟೆ ಎಲ್ಲಾ ಹತ್ತಿರದಲ್ಲೇ ಇರುತ್ತವೆ ಅಲ್ವಾ? ಕೇಸ್‌ನ ಕುತ್ತಿಗೆಯಲ್ಲಿ ಕೂದಲಿನಂಥ ಸೀಳು, ಹಸಿರು ಕಿಲುಬು ಇದ್ದರೆ ಅದು ಹೊಡೆಯುವ ತೋಟೆ ಅಲ್ಲ. ಬಿರುಕು ಕಾಣದಿದ್ದರೂ ಮದ್ದು ಹಳತಾಗಿ ಪಿನ್ ಬಡಿದ ಮೇಲೆ ತಡವಾಗಿ ಹೊತ್ತಬಹುದು. ಹೊತ್ತಲೇ ಇಲ್ಲ ಅಂತ ನೀವು ಲಿವರ್ ತೆರೆಯುವಾಗ ಸಿಡಿದರೆ ಗತಿಯೇನು? ನನ್ನ ಸಲಹೆ, ಇವನ್ನೂ ಬಿಡಿ.

ಇದಕ್ಕಿಂತ ದೊಡ್ಡ ಕಾರಣವೂ ಇದೆ. ನಿಮ್ಮ ಲೈಸೆನ್ಸ್‌ನಲ್ಲಿ ಯಾವ ತೋಟೆ, ಎಷ್ಟು ಇಟ್ಟುಕೊಳ್ಳಬಹುದು ಎಂದು ಬರೆದಿರುತ್ತದೆ. ಕೊಂಡದ್ದೆಲ್ಲಾ ಲೆಕ್ಕಕ್ಕೆ ಸೇರುತ್ತದೆ. ಡಬ್ಬದಲ್ಲಿ ಸಿಕ್ಕ ತೋಟೆಗೆ ಯಾವ ಲೆಕ್ಕವೂ ಇಲ್ಲ. ತಾತನದ್ದೇ ಆಗಿದ್ದರೂ ಹಾಗೆ ಇಟ್ಟುಕೊಳ್ಳುವುದು ಸರಿಯಲ್ಲ. ಅವನ್ನು ಇಟ್ಟಲ್ಲಿಂದ ಕದಲಿಸುವ ಮುಂಚೆ ನಿಮ್ಮ ಠಾಣೆಗೆ ಫೋನ್ ಮಾಡಿ. ಎಲ್ಲಿ ಸಿಕ್ಕಿತು, ಎಷ್ಟಿದೆ ಎಂದು ಬರೆದು ಕೊಡಿ, ಅವರು ಹೇಳಿದಂತೆ ಒಪ್ಪಿಸಿ, ರಸೀದಿ ಪಡೆಯಿರಿ. ಲೈಸೆನ್ಸ್ ಪುಸ್ತಕವನ್ನೂ ಜೊತೆಗೆ ಒಯ್ಯಿರಿ. ಬೆಂಗಳೂರಿನಲ್ಲಿ ಲೈಸೆನ್ಸ್ ಕೊಡುವವರು ಪೊಲೀಸ್ ಕಮಿಷನರ್. ಹಾಗಾಗಿ ಅನುಮಾನ ಇದ್ದರೆ ಆ ಕಚೇರಿಯಲ್ಲೇ ಕೇಳಿಬಿಡಿ. ದಯವಿಟ್ಟು ಕಸದ ಆಟೋಗೆ ಮಾತ್ರ ಹಾಕಬೇಡಿ. ಆ ಕಸ ಮುಂದೆ ಒತ್ತಿ ಪುಡಿ ಮಾಡುವ ಲಾರಿಗೆ ಹೋಗುತ್ತದೆ, ಅದರ ಪಕ್ಕ ಪೌರಕಾರ್ಮಿಕರು ನಿಂತಿರುತ್ತಾರೆ. ಬೆಂಕಿಗೆ ಹಾಕುವುದು, ಮೋರಿಗೆ ಎಸೆಯುವುದು, ಗುಂಡು ಕಿತ್ತು ಮದ್ದು ಸುರಿಯುವುದು, ಯಾವುದನ್ನೂ ಮಾಡಬೇಡಿ.

ಹೊಸದು ಯಾವುದು ಅಂದರೆ, .30-30ಕ್ಕೆ ಹಿಂದಿನಿಂದ ಬಂದದ್ದೇ ಒಳ್ಳೆಯದು. 150 ಅಥವಾ 170 ಗ್ರೇನ್ ತೂಕದ, ಚಪ್ಪಟೆ ಮೂತಿಯ, ತುದಿಯಲ್ಲಿ ಮೆತ್ತನೆ ಸೀಸ ಕಾಣುವ ಗುಂಡು. ವಿಂಚೆಸ್ಟರ್, ರೆಮಿಂಗ್ಟನ್, ಫೆಡರಲ್ ಇವರೆಲ್ಲಾ ಇಂಥದ್ದನ್ನು ಮಾಡುತ್ತಾರೆ. ಚಪ್ಪಟೆ ಯಾಕೆ? ಈ ತೋಟೆಯ ಪ್ರೈಮರ್ ಸುಮಾರು 5.3 ಮಿಲಿಮೀಟರ್ ಅಗಲ. ಗುಂಡಿನ ಮೂತಿ ಅಗಲವಾಗಿದ್ದಷ್ಟೂ ಗುದ್ದು ಒಂದೇ ಚುಕ್ಕೆಯಲ್ಲಿ ನೆಡುವುದಿಲ್ಲ, ತಳಕ್ಕೆಲ್ಲಾ ಹರಡಿಕೊಳ್ಳುತ್ತದೆ. ಸೀಸ ಮೆತ್ತಗಿರುವುದರಿಂದ ಒತ್ತಿದರೆ ತಾನೇ ಬಗ್ಗುತ್ತದೆ. ಮೆತ್ತನೆ ಸೀಸದ ದುಂಡನೆ ಮೂತಿಯೂ ಆಗಬಹುದು, 170 ಗ್ರೇನ್‌ನಲ್ಲಿ ಅದು ಬಹಳ ಕಾಲದಿಂದ ಬಳಕೆಯಲ್ಲಿದೆ. ನನಗೆ ಆಯ್ಕೆ ಕೊಟ್ಟರೆ ಮಾತ್ರ ಚಪ್ಪಟೆಯನ್ನೇ ತೆಗೆದುಕೊಳ್ಳುತ್ತೇನೆ. ತುದಿಯವರೆಗೂ ತಾಮ್ರ ಮುಚ್ಚಿದ, ಕಿರಿದಾದ ದುಂಡನೆ ಮೂತಿ ಬೇಡ.

ಒಂದು ಗೊಂದಲ ತಪ್ಪಿಸಲೇಬೇಕು. ಹಾರ್ನಡಿ ಕಂಪನಿಯವರು ಲಿವರ್‌ರೆವೊಲ್ಯೂಷನ್ ಎಂಬ ತೋಟೆ ಮಾಡುತ್ತಾರೆ. .30-30ರಲ್ಲಿ ಅದು 160 ಗ್ರೇನ್. ನೋಡಲು ಚೂಪು, ತುದಿ ಕೆಂಪು. ಆದರೂ ಕೊಳವೆಗೆ ಕ್ಷೇಮ, ಯಾಕೆಂದರೆ ಆ ತುದಿ ರಬ್ಬರಿನಂತೆ ಬಗ್ಗುತ್ತದೆ. ಅದನ್ನು ನೋಡಿದವರು ‘ಕೆಂಪು ತುದಿ ಅಂದ್ರೆ ಆಗುತ್ತೆ’ ಅಂದುಕೊಳ್ಳುತ್ತಾರೆ. ಅದೇ ಕಂಪನಿಯ ಬೇರೆ ಗುಂಡುಗಳಿಗೂ ಕೆಂಪು ತುದಿ ಇದೆ, ಅದು ಗಟ್ಟಿ ಪ್ಲಾಸ್ಟಿಕ್. ಬಣ್ಣ ನೋಡಿ ಕೊಳ್ಳಬೇಡಿ. ಪೆಟ್ಟಿಗೆಯ ಮೇಲೆ ಹೆಸರು ಓದಿ, ಕೊಳವೆ ಮ್ಯಾಗಜೀನ್‌ಗೆ ಆಗುತ್ತದೆ ಎಂದು ತಯಾರಕರೇ ಹೇಳಿದ್ದಾರಾ ನೋಡಿ.

.30-30 ನಮ್ಮ ಅಂಗಡಿಗಳಲ್ಲಿ .315ರ ತರಹ ಸುಲಭವಾಗಿ ಸಿಗುವುದಿಲ್ಲ. ಪುಣೆ ಬಳಿಯ ಖಡ್ಕಿಯಲ್ಲಿ .315 ತೋಟೆ ತಯಾರಾಗುತ್ತದೆ, ನಿಮ್ಮದು ಹೊರಗಿನಿಂದ ಬಂದದ್ದೇ ಆಗಬೇಕು. ನಿಮ್ಮಂಥವರು ಡಬ್ಬದ ತೋಟೆಗೆ ಆಸೆಪಡುವುದು ಇದರಿಂದಲೇ ಎಂದು ನನಗೆ ಅರ್ಥವಾಗುತ್ತದೆ. ಕೋವಿ ಇದೆ, ಲೈಸೆನ್ಸ್ ಇದೆ, ಹೊಡೆಯಲು ಈಡಿಲ್ಲ. ಸಿಕ್ಕಿದ್ದನ್ನು ಬಿಡಲು ಮನಸ್ಸು ಬರುವುದಿಲ್ಲ. ಲೈಸೆನ್ಸ್ ಇರುವ ಡೀಲರ್ ಹತ್ತಿರ ಹೆಸರು ಬರೆಸಿ ಕಾಯಿರಿ. ವರ್ಷ ಹಿಡಿದರೂ ಕಾಯಿರಿ. ಯಾರೋ ಪರಿಚಯದವರು ಹತ್ತು ಬಿಡಿ ತೋಟೆ ಕೊಡುತ್ತಾರೆ ಅಂದರೆ ಬೇಡ ಅನ್ನಿ.

ಹೊಸ ಪೆಟ್ಟಿಗೆ ಕೈಗೆ ಬಂದ ಮೇಲೂ ಅವಸರ ಬೇಡ. ಅನುಭವಿ ಆರ್ಮರರ್ ಒಬ್ಬರಿಗೆ ಕೋವಿ ತೋರಿಸಿ. ನಳಿಕೆಯಲ್ಲಿ ತುಕ್ಕು, ಕೊಳವೆಯಲ್ಲಿ ತಗ್ಗು, ಸ್ಪ್ರಿಂಗ್‌ನ ಸ್ಥಿತಿ, ಫೈರಿಂಗ್ ಪಿನ್‌ಗೆ ಬಡಿಯುವ ಹ್ಯಾಮರ್ ಅರ್ಧಕ್ಕೆ ಎಳೆದಾಗ ಗಟ್ಟಿಯಾಗಿ ನಿಲ್ಲುತ್ತದಾ, ಎಲ್ಲವನ್ನೂ ನೋಡಲಿ. ರೇಂಜ್‌ನಲ್ಲಿ ಸೆಂಟರ್‌ಫೈರ್ ರೈಫಲ್‌ಗೆ ಅವಕಾಶ ಇದೆಯಾ ಎಂದು ಮೊದಲೇ ಕೇಳಿ. ಹತ್ತು ಮೀಟರಿನ ಏರ್ ರೈಫಲ್ ರೇಂಜ್‌ನಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಮೊದಲ ಕೆಲವು ಈಡುಗಳನ್ನು ಕೊಳವೆ ಖಾಲಿ ಇಟ್ಟು, ಒಂದೊಂದೇ ಛೇಂಬರ್‌ಗೆ ಹಾಕಿ ಹೊಡೆಯಿರಿ. ಖಾಲಿ ಕೇಸ್ ಎತ್ತಿ ನೋಡಿ. ಸೀಳು, ಉಬ್ಬು, ತೂತಾದ ಪ್ರೈಮರ್ ಇದ್ದರೆ ಅಲ್ಲಿಗೇ ನಿಲ್ಲಿಸಿ. ಎಲ್ಲಾ ಸರಿ ಇದ್ದರೆ ಎರಡು ಮೂರು ತುಂಬಿ, ಒಂದು ಹೊಡೆದು, ಮಿಕ್ಕವನ್ನು ಹೊರಗೆ ತೆಗೆದು ಪ್ರೈಮರ್ ಮೇಲೆ ಗುರುತು ಬಿದ್ದಿದೆಯಾ ನೋಡಿ. ಈ ಒಂದು ಪರೀಕ್ಷೆಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ಕೊನೆಗೆ ಆಯುಧಪೂಜೆ. ಖಂಡಿತ ಇಡಿ, ನಮ್ಮ ಮನೆಯಲ್ಲೂ ಇಡುತ್ತೇವೆ. ಹಿಂದಿನ ದಿನವೇ ಕೋವಿ ಖಾಲಿ ಮಾಡಿ. ಹಳೇ ಕೊಳವೆಯಲ್ಲಿ ಸಣ್ಣ ತಗ್ಗು ಇದ್ದರೆ ಒಂದು ತೋಟೆ ಒಳಗೇ ಸಿಕ್ಕಿಕೊಂಡಿರುತ್ತದೆ. ನೀವು ನಾಲ್ಕು ಸಲ ಲಿವರ್ ಎಳೆದರೂ ಬರುವುದಿಲ್ಲ, ಆಮೇಲೆ ಯಾವಾಗಲೋ ಅಲುಗಾಡಿದಾಗ ಬರುತ್ತದೆ. ಅದಕ್ಕೆ ಲಿವರ್ ತೆರೆದಿಟ್ಟು ಟಾರ್ಚ್ ಬಿಟ್ಟು ನೋಡಿ. ಕೊಳವೆಯ ಬಾಯಲ್ಲಿ ಸ್ಪ್ರಿಂಗ್ ಮುಂದಿನ ಬಿಲ್ಲೆ ಕಾಣಬೇಕು. ಹಿತ್ತಾಳೆಯ ತೋಟೆಯ ತಳ ಕಂಡರೆ ಇನ್ನೂ ಒಂದಿದೆ ಎಂದು ಅರ್ಥ. ಛೇಂಬರ್ ಒಳಗೆ ಕಿರುಬೆರಳು ಹಾಕಿ ಮುಟ್ಟಿಯೂ ನೋಡಿ. ತೋಟೆಗಳನ್ನು ತಟ್ಟೆಯಲ್ಲಿ ಜೋಡಿಸಿ ಪಕ್ಕದಲ್ಲಿಟ್ಟು ದೀಪ ಹಚ್ಚುವ ಪದ್ಧತಿ ಕೆಲವು ಮನೆಗಳಲ್ಲಿದೆ. ಅದು ಬೇಡ, ತೋಟೆ ಬೀರುವಿನಲ್ಲೇ ಇರಲಿ. ಅರಿಶಿನ ಕುಂಕುಮವನ್ನು ಮರದ ಹಿಡಿಗೆ ಮಾತ್ರ ಹಚ್ಚಿ. ಕಿಂಡಿಯೊಳಗೆ, ಹ್ಯಾಮರ್ ಹತ್ತಿರ ಪುಡಿ ಬಿದ್ದರೆ ಎಣ್ಣೆಗೆ ಅಂಟಿ ಗಟ್ಟಿಯಾಗುತ್ತದೆ. ಲಿವರ್ ತೆರೆದೇ ಇರಲಿ, ಮಕ್ಕಳು ಮುಟ್ಟದಷ್ಟು ಎತ್ತರದಲ್ಲಿರಲಿ. ಸಂಜೆ ಒಣ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಬೀಗ ಹಾಕಿ ಇಡಿ.